ಗಣಕಯಂತ್ರದ ರೋಜಕಿರ್ದಿ

ವ್ಯಾಪಾರಿಯ ಲೆಕ್ಕವು ತಪ್ಪಿದಾಗ ಗುಮಾಸ್ತನನ್ನು ಬಯ್ಯುವದಕ್ಕಿಂತ ಮೊದಲು ರೋಜಕಿರ್ದಿಯನ್ನು ಬಿಚ್ಚಿ ನೋಡುವದು ವಿವೇಕವು. ನಮ್ಮ ಮನೆಗಳಲ್ಲಿರುವ ಗಣಕಯಂತ್ರವೂ ಇಂಥದೊಂದು ಕಿರ್ದಿಯನ್ನು ಬರೆಯುತ್ತಿರುವದೆಂಬ ಸಂಗತಿಯು ಅನೇಕ ಗೃಹಸ್ಥರಿಗೆ ತಿಳಿಯದು. ಇದಕ್ಕೆ ‘ಲಾಗ್’ ಎಂದು ಹೆಸರು. ಯಂತ್ರವು ಎಚ್ಚತ್ತಂದಿನಿಂದ ಯಾವ ಉಪಕರಣವು ಬಂದಿತು, ಯಾವುದು ಹೋಯಿತು, ಯಾವುದು ಉತ್ತರ ಕೊಡಲಿಲ್ಲ ಎಂಬುದು ವೇಳೆಯ ಅಂಕಿಯೊಡನೆ ಅದರಲ್ಲಿ ದಾಖಲಾಗುವದು.

ತಿಕೋಟೆಯ ಗೃಹಿಣಿಯೊಬ್ಬರು ಒಂದು ದಿನ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕನ್ನು ತಂದು ನನ್ನ ಮುಂದಿಟ್ಟರು. “ಮಾಸ್ತರ್ರ, ನಮ್ಮ ಮನೆಯವರ ಫೋಟೋ ಎಲ್ಲಾ ಇದರಾಗ ಅದಾವ್ರಿ. ಅಂಗಡಿಯವರು ಇದು ಸತ್ತದ ಅಂದ್ರು” ಎಂದರು. ಅವರ ಯಜಮಾನರು ತೀರಿಹೋಗಿ ವರ್ಷವಾಗಿರಲಿಲ್ಲ.

ನನ್ನ ಯಂತ್ರದಲ್ಲಿ ನಡೆಯುವದು ೧೯೯೧ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್. ಅದರಲ್ಲಿ ಡಿ, ಎಮ್, ಇ, ಎಸ್, ಜಿ ಎಂಬ ಐದು ಅಕ್ಷರಗಳನ್ನು ಒತ್ತಿದರೆ ಕಿರ್ದಿಯು ತೆರೆಯುವದು. ಡಿಸ್ಕನ್ನು ಜೋಡಿಸಿ ಕೊನೆಯ ಸಾಲುಗಳನ್ನು ಓದಿದೆನು. ಉಪಕರಣದ ಪರಿಚಯವನ್ನು ಓದಲಾಗಲಿಲ್ಲ, ದೋಷ ೭೧ ಎಂದು ಮತ್ತೆ ಮತ್ತೆ ಬರೆದಿತ್ತು. ಸಂಭಾಷಣೆಯು ನಡುವೆಯೇ ಕೆಟ್ಟಿತೆಂದು ಇದರ ಅರ್ಥ. ಅತಿಥಿಯು ಬಾಗಿಲು ತಟ್ಟಿದ್ದಾನೆ, ಹೆಸರು ಹೇಳುವಷ್ಟರಲ್ಲಿ ಮಾತು ತುಂಡಾಗಿದೆ! ಅಂದಮೇಲೆ ಡಿಸ್ಕು ಸತ್ತಿತೆಂಬುದು ಇನ್ನೂ ಸಿದ್ಧವಾಗಲಿಲ್ಲ. ತಂತಿಯೊಂದನ್ನು ಮಾತ್ರ ಬದಲಿಸಿದೆನು. ತಯಾರಕರ ಹೆಸರು, ಡಿಸ್ಕಿನ ಗಾತ್ರ ಎಲ್ಲವೂ ಕಿರ್ದಿಯಲ್ಲಿ ಮೂಡಿದವು. ಛಾಯಾಚಿತ್ರಗಳ ಪ್ರತಿಯನ್ನು ಆ ಕ್ಷಣವೇ ಬೇರೆಡೆ ಮಾಡಿಕೊಟ್ಟೆನು.

ನಮ್ಮ ಗೋಳಗುಮ್ಮಟದ ಗ್ಯಾಲರಿಯಲ್ಲಿ ಆಚೆಯ ಬದಿಯ ಪಿಸುಮಾತು ಗೋಡೆಗೆ ಕಿವಿಯಿಟ್ಟವನಿಗೆ ಕೇಳುವದು. ಕಿರ್ದಿಯನ್ನೂ ಹಾಗೆಯೇ ಶಾಂತಚಿತ್ತದಿಂದ ಓದಬೇಕು. ವಾಚಕರು ಮೂರು ಸ್ಥಿತಿಗಳನ್ನು ನೆನಪಿಡಲಿ. ಉಪಕರಣವನ್ನು ಜೋಡಿಸಿದಾಗ ಒಂದು ಸಾಲೂ ಮೂಡದಿದ್ದರೆ ತಂತಿ, ಜೋಡಣೆಯ ಕಿಂಡಿ, ವಿದ್ಯುತ್ತು ಇವುಗಳನ್ನು ಮೊದಲು ಪರೀಕ್ಷಿಸಬೇಕು. ಸಾಲು ಮೂಡಿ ದೋಷ ಹೇಳಿದರೆ ತಂತಿಯನ್ನೂ ಕಿಂಡಿಯನ್ನೂ ಒಂದೊಂದಾಗಿ ಬದಲಿಸಬೇಕು. ಪರಿಚಯವು ಪೂರ್ಣವಾಗಿದ್ದೂ ಉಪಕರಣವು ಕೆಲಸ ಮಾಡದಿದ್ದರೆ ಅದನ್ನು ನಡೆಸುವ ತಂತ್ರಾಂಶವು, ಅಂದರೆ ಡ್ರೈವರ್ ಅಥವಾ ಫರ್ಮ್‌ವೇರ್, ಇಲ್ಲದಿರಬಹುದು. ಫರ್ಮ್‌ವೇರಿನ ಸಾಲಿನಲ್ಲಿ ದೋಷ ೨ ಎಂದಿದ್ದರೆ ಬೇಕಾದ ಕಡತವೇ ಸಿಗಲಿಲ್ಲವೆಂದು ತಿಳಿಯಬೇಕು. ವಿಂಡೋಸ್ ಉಳ್ಳವರು ಡಿವೈಸ್ ಮ್ಯಾನೇಜರನ್ನು ನೋಡಬಹುದು. ಅಲ್ಲಿ ಕೋಡ್ ೨೮ ಎಂದರೆ ಡ್ರೈವರ್ ಇಲ್ಲ. ಕೋಡ್ ೪೩ ಎಂದರೆ ಉಪಕರಣವೇ ತೊಂದರೆಯನ್ನು ವರದಿ ಮಾಡಿದೆ.

ನಮ್ಮ ಶಾಸ್ತ್ರಕಾರರು ಇದನ್ನೇ ಅನ್ವಯ-ವ್ಯತಿರೇಕವೆಂದರು. ಕಾರಣವಿದ್ದರೆ ಕಾರ್ಯ, ಅದಿಲ್ಲದಿದ್ದರೆ ಇದೂ ಇಲ್ಲ. ಎರಡು ವಸ್ತುಗಳನ್ನು ಒಮ್ಮೆಲೆ ಬದಲಿಸಿದವನಿಗೆ ದೋಷವು ಯಾವುದರಲ್ಲಿತ್ತೆಂಬುದು ಎಂದಿಗೂ ತಿಳಿಯಲಾರದು.

ಒಂದು ಎಚ್ಚರಿಕೆ. ಡಿಸ್ಕಿನೊಳಗಿಂದ ಟಕಟಕ ಸಪ್ಪಳ ಬಂದರೆ ಪುನಃ ಪುನಃ ಜೋಡಿಸದೆ ತಜ್ಞರಿಗೆ ಒಪ್ಪಿಸಬೇಕು. ಯಂತ್ರವು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಅವಸರದಿಂದ ಒಪ್ಪಬಾರದು. ಆ ಗೃಹಿಣಿಯ ಮನೆಯಲ್ಲಿ ಈಗ ಛಾಯಾಚಿತ್ರಗಳ ಎರಡು ಪ್ರತಿಗಳು ಬೇರೆ ಬೇರೆ ಕಡೆ ಇವೆ. ವಾಚಕರ ಮನೆಗಳಲ್ಲಿಯೂ ಹಾಗೆಯೇ ಇರಲೆಂದು ಹಾರೈಸುವೆನು.