ಅಂಗಳದ ಗರಿಕೆ, ಹೊಲದ ಶೇಂಗಾ

ಮನೆಯ ಮುಂದೆ ಹುಲ್ಲುಹಾಸು ಬೆಳೆಸುವುದು ಪಟ್ಟಣದವರ ಶೋಕಿ ಎಂದು ನಮ್ಮಲ್ಲಿ ಅನೇಕರ ಭಾವನೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಅನಂತಪುರ ಸೀಮೆಯಲ್ಲಿ ಹಾಗೆನ್ನಿಸುವುದು ಸಹಜವೇ. ಆದರೆ ಬೆಳುಗುಪ್ಪದ ಕಡೆ ಬರಿದೇ ಬಿಟ್ಟ ಅಂಗಳದಲ್ಲಿ ಮೊದಲ ಮಳೆಗೇ ಏಳುವುದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲು.

ಇದರಿಂದ ಕೆಲವರಿಗೆ ಮೈ ತುರಿಕೆ, ಚರ್ಮದ ಉರಿ, ಉಬ್ಬಸ ಬರುತ್ತವೆ. ಹಸು ತಿಂದರೆ ಹಾಲು ಕಹಿಯಾಗುತ್ತದೆ. ಹೊಲಕ್ಕೂ ಇದು ಶತ್ರು. 2000ದ ಮುಂಗಾರಿನಲ್ಲಿ ನಮ್ಮ ಜಿಲ್ಲೆಯ ಸುಮಾರು 2,25,000 ಹೆಕ್ಟೇರ್ ಶೇಂಗಾ ಬೆಳೆಗೆ ನಂಜುರೋಗ ತಗುಲಿತು. ಎಳೆ ಎಲೆಗಳ ಮೇಲೆ ಮಚ್ಚೆ ಕಾಣಿಸಿ, ಕುಡಿ ಕಪ್ಪಾಗಿ, ಗಿಡವೇ ಒಣಗಿತು. ನಷ್ಟ 300 ಕೋಟಿ ರೂಪಾಯಿಗೂ ಹೆಚ್ಚು. ಕಾರಣ, ತಂಬಾಕಿನ ಗೆರೆ ನಂಜು ಎಂಬ ವೈರಸ್. ಪಾರ್ಥೇನಿಯಂ ಗಿಡಕ್ಕೆ ಈ ನಂಜು ತಗುಲಿದರೂ ಹೊರಗೆ ಏನೂ ಕಾಣುವುದಿಲ್ಲ. ಅದರ ಹೂವಿನ ಪರಾಗದಲ್ಲಿ ನಂಜು ಇರುತ್ತದೆ. ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಆ ಪರಾಗವನ್ನು ಮೈಗೆ ಅಂಟಿಸಿಕೊಂಡು ಬಂದು ಶೇಂಗಾ ಎಲೆಯನ್ನು ಕೆರೆದಾಗ, ಆ ಗಾಯದಿಂದ ನಂಜು ಒಳಸೇರುತ್ತದೆ. ರೋಗ ತಗುಲಿದ ಗಿಡಕ್ಕೆ ಔಷಧವಿಲ್ಲ.

ಆದ್ದರಿಂದ ಮಳೆ ಬಂದು ನೆಲ ಹಸಿಯಾಗಿರುವಾಗಲೇ, ಹೂ ಬಿಡುವ ಮೊದಲು, ಗಿಡವನ್ನು ಬೇರುಸಹಿತ ಕೀಳಬೇಕು. ಬರಿಗೈಯಲ್ಲಿ ಬೇಡ, ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಿ. ಉಬ್ಬಸವಿರುವವರು ಈ ಕೆಲಸಕ್ಕೆ ಇಳಿಯಬಾರದು. ಉಪ್ಪುನೀರು ಸಿಂಪಡಿಸಿದರೂ ಗಿಡ ಸಾಯುತ್ತದೆ, ಆದರೆ ಹುಲ್ಲು ಬೆಳೆಸಬೇಕಾದ ನೆಲ ಕೆಡುತ್ತದೆ.

ಕಿತ್ತ ಜಾಗ ಖಾಲಿ ಉಳಿದರೆ ಅದೇ ಗಿಡ ಮತ್ತೆ ಬರುತ್ತದೆ. ಅಲ್ಲಿ ಗರಿಕೆ ನೆಡಿ. ಹೊಲದಲ್ಲಿ ಇದನ್ನು ಕಿತ್ತು ಕಿತ್ತು ಸಾಕಾದವರು ನಗಬಹುದು! ಅಂಗಳಕ್ಕೆ ಮಾತ್ರ ಇದಕ್ಕಿಂತ ಗಟ್ಟಿ ಹುಲ್ಲಿಲ್ಲ. ಗಿಣ್ಣುಗಳಿರುವ ಬಳ್ಳಿತುಂಡುಗಳನ್ನು ನಾಲ್ಕು ಅಂಗುಲಕ್ಕೊಂದರಂತೆ ಊರಿ, ಬೇರು ಹಿಡಿಯುವವರೆಗೆ ನೆಲ ಒಣಗದಂತೆ ನೋಡಿಕೊಳ್ಳಿ. ಅಕ್ಕಿ, ತರಕಾರಿ ತೊಳೆದ ನೀರು ಸಾಕು. ಆಮೇಲೆ ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ಒಂದೂವರೆ ಅಂಗುಲಕ್ಕಿಂತ ಕೆಳಗೆ ಕತ್ತರಿಸಬೇಡಿ. ಬೇವಿನ ದಟ್ಟ ನೆರಳಿನಲ್ಲಿ ಇದು ಬಾರದು. ಬೇಸಿಗೆಯಲ್ಲಿ ಒಣಗಿ ಕಂದಾದರೆ ಅಗೆದು ತೆಗೆಯಬೇಡಿ. ಬೇರು ಬದುಕಿರುತ್ತದೆ, ಮಳೆಗೆ ಚಿಗುರುತ್ತದೆ.

ಗರಿಕೆಯನ್ನು ಅಂಗಳಕ್ಕಷ್ಟೇ ಇಟ್ಟುಕೊಳ್ಳಿ, ಹೊಲದ ಅಂಚಿಗೆ ಬಿಡಬೇಡಿ. ಪಾರ್ಥೇನಿಯಂ ಕೀಳುವುದನ್ನು ಮಾತ್ರ ಬದುಗಳಲ್ಲೂ ದಾರಿಬದಿಯಲ್ಲೂ ಪ್ರತಿ ಮಳೆಯ ನಂತರ ಮಾಡಬೇಕು. ಅಕ್ಕಪಕ್ಕದ ಹೊಲದವರು ಒಂದೇ ದಿನ ಸೇರಿ ಮಾಡಿದರೆ ಒಳ್ಳೆಯದು, ಏಕೆಂದರೆ ಒಬ್ಬರ ಬದುವಿನ ಪರಾಗ ಇನ್ನೊಬ್ಬರ ಶೇಂಗಾಕ್ಕೆ ಗಾಳಿಯಲ್ಲಿ ಬರುತ್ತದೆ.