ಬಾಣಲೆಯಿಂದ ಬಾಯಿಗೆ: ಟೆಂಪುರಾ ಹೋಟೆಲಿಗೆ ಹೋಗುವ ಮುನ್ನ

ಸಾಹಿತ್ಯ ಬಳಗದ ಓಲೆಯಲ್ಲಿ ಕರಿದ ತಿಂಡಿಯ ಪುರಾಣವೇ ಎಂದು ಹುಬ್ಬೇರಿಸಬೇಡಿ. ನಮ್ಮ ಕೂಟಗಳಲ್ಲಿ ಕವಿತೆಗಿಂತ ಮೊದಲು ಮುಗಿಯುವುದು ಬಜ್ಜಿಯ ತಟ್ಟೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆ ಬಜ್ಜಿಯ ದೂರದ ನೆಂಟ ಎಂದು ನಾವೆಲ್ಲ ಸಲೀಸಾಗಿ ಕರೆದುಬಿಡುವ ಜಪಾನಿನ ಟೆಂಪುರಾ ಬಗ್ಗೆ ಈ ಸಲ ನಾಲ್ಕು ಮಾತು. ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಲಂಡನ್ ತೋರಿಸಲು ಕರೆದೊಯ್ಯುತ್ತೇವೆ, ಹಸಿವಾಗುತ್ತದೆ. ಮೆನುವಿನಲ್ಲಿ ‘ವೆಜಿಟೇಬಲ್ ಟೆಂಪುರಾ’ ಎಂದಿರುತ್ತದೆ. "ಬಜ್ಜಿ ಥರಾನೇ ಅಮ್ಮ, ಧಾರಾಳವಾಗಿ ತಿನ್ನು" ಎಂದು ಹೇಳುವ ಮುನ್ನ ತಿಳಿದಿರಬೇಕಾದ ಸಂಗತಿಗಳಿವೆ. ತಿಂದ ಮೇಲೆ ತಿಳಿದರೆ ಉಪಯೋಗವಿಲ್ಲ.

ಹೇಸ್‌ನಲ್ಲಿರುವ ನಮಗೆ ಜಪಾನ್ ಅಷ್ಟೇನೂ ದೂರವಿಲ್ಲ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಹತ್ತಿದರೆ ಮುಂದಿನ ಸ್ಟೇಷನ್ನೇ ಸೌತಾಲ್. ಅಲ್ಲಿ ಬೀದಿಬದಿಯ ಬಾಣಲೆಯ ಪಕೋಡ, ಜಿಲೇಬಿಯ ವಾಸನೆ. ಇನ್ನೊಂದಿಷ್ಟು ಪೂರ್ವಕ್ಕೆ ಹೋದರೆ ಈಲಿಂಗ್, ಆಕ್ಟನ್. ಲಂಡನ್ನಿನ ಜಪಾನೀ ಶಾಲೆ 1987ರಲ್ಲಿ ಆಕ್ಟನ್ನಿಗೆ ಬಂದ ಮೇಲೆ ಆ ಸುತ್ತಿನಲ್ಲಿ ಜಪಾನೀ ಕುಟುಂಬಗಳೂ ಅವರ ದಿನಸಿ ಅಂಗಡಿಗಳೂ ನೆಲೆಯೂರಿದವು. ಕಡಲೆಹಿಟ್ಟಿನ ಲೋಕದಿಂದ ಟೆಂಪುರಾ ಲೋಕಕ್ಕೆ ಒಂದೇ ರೈಲು ಟಿಕೆಟ್ಟು.

ಟೆಂಪುರಾ ಜಪಾನಿನ ಮೂಲದ್ದೇ ಅಲ್ಲ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. 1543ರಲ್ಲಿ ತನೆಗಾಶಿಮಾ ದ್ವೀಪದಲ್ಲಿ ಇಳಿದ ಪೋರ್ಚುಗೀಸರ ಹಿಂದೆ ಪಾದ್ರಿಗಳೂ ಬಂದರು. 1549ರಲ್ಲಿ ಕಾಗೋಶಿಮಾ ತಲುಪಿದ ಫ್ರಾನ್ಸಿಸ್ ಝೇವಿಯರ್ ಹೊರಟದ್ದು ನಮ್ಮ ನೆರೆಯ ಗೋವೆಯ ಕಡೆಯಿಂದಲೇ. ಕ್ರೈಸ್ತರಲ್ಲಿ ವರ್ಷಕ್ಕೆ ನಾಲ್ಕು ಬಾರಿ ಮಾಂಸ ಬಿಡುವ ಉಪವಾಸದ ದಿನಗಳಿದ್ದವು, ಅವಕ್ಕೆ ‘ತೆಂಪೊರಾಸ್’ ಎಂದು ಹೆಸರು. ಆ ದಿನ ಮೀನು, ತರಕಾರಿಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಿದ್ದರು. ಟೆಂಪುರಾ ಎಂಬ ಹೆಸರು ಅಲ್ಲಿಂದ ಬಂತು ಎಂಬುದು ಹೆಚ್ಚು ಜನ ಒಪ್ಪುವ ಮಾತು. ಮಸಾಲೆ ಬೆರೆಸುವುದು ಎಂಬರ್ಥದ ಇನ್ನೊಂದು ಪೋರ್ಚುಗೀಸ್ ಪದವನ್ನು ತೋರಿಸುವವರೂ ಇದ್ದಾರೆ. ನಮ್ಮ ಭಾಷೆಗೆ ಪಾದ್ರಿ, ಅಲಮಾರು, ಅನಾನಸ್ ತಂದುಕೊಟ್ಟ ಆ ಹಡಗುಗಳೇ ಜಪಾನಿಗೆ ಬ್ರೆಡ್ಡಿನ ‘ಪಾನ್’ ಮತ್ತು ಟೆಂಪುರಾಗಳನ್ನೂ ಇಳಿಸಿಹೋದವು ಎನ್ನಿ.

ಇನ್ನೊಂದು ತಮಾಷೆ ಕೇಳಿ. ಐಬೀರಿಯಾದ ಅದೇ ಕರಿಯುವ ವಿದ್ಯೆ, ಅಲ್ಲಿಂದ ಓಡಿಬಂದ ಯಹೂದ್ಯರ ಜತೆ ಇಂಗ್ಲೆಂಡಿಗೂ ಬಂತು. ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ 1860ರ ಸುಮಾರಿಗೆ ಜೋಸೆಫ್ ಮಾಲಿನ್ ಎಂಬ ಯಹೂದಿ ಮೀನು ಮತ್ತು ಚಿಪ್ಸ್ ಒಟ್ಟಿಗೆ ಮಾರತೊಡಗಿದ ಎನ್ನುತ್ತಾರೆ. ಹಾಗಾಗಿ ಹೇಸ್‌ನ ಮೂಲೆಯಂಗಡಿಯ ಕರಿದ ಮೀನು ಟೆಂಪುರಾಗೆ ಸೋದರಸಂಬಂಧಿ. ರಕ್ತಸಂಬಂಧ ನೋಡಹೋದರೆ ನಮ್ಮ ಬಜ್ಜಿಗಿಂತ ಅದೇ ಹತ್ತಿರ!

ಬಜ್ಜಿಗೂ ಟೆಂಪುರಾಗೂ ನಿಜವಾದ ವ್ಯತ್ಯಾಸ ಇರುವುದು ಹಿಟ್ಟಿನಲ್ಲಿ. ಕಡಲೆಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟಿಲ್ಲ. ಎಷ್ಟು ಕಲಸಿದರೂ ಅದು ರಬ್ಬರಾಗುವುದಿಲ್ಲ, ಚೆನ್ನಾಗಿ ಕಲಸಿದಷ್ಟೂ ಗಾಳಿ ಸೇರಿ ಹಗುರಾಗುತ್ತದೆ. ಅದಕ್ಕೆ ಓಂಕಾಳು, ಖಾರದ ಪುಡಿ, ಗರಿಗರಿಗೆ ಒಂದು ಹಿಡಿ ಅಕ್ಕಿಹಿಟ್ಟು. ಬಜ್ಜಿಯಲ್ಲಿ ಹಿಟ್ಟೇ ಅರ್ಧ ರುಚಿ. ಟೆಂಪುರಾದ್ದು ಗೋಧಿಯ ಹಿಟ್ಟು, ಅಂಟು ಕಡಿಮೆಯಿರುವ ಬಗೆಯದ್ದು. ಅದಕ್ಕೆ ಮಂಜಿನಂತೆ ತಣ್ಣಗಿರುವ ನೀರು, ಸಾಮಾನ್ಯವಾಗಿ ಒಂದು ಮೊಟ್ಟೆ. ಚಾಪ್‌ಸ್ಟಿಕ್ಕಿನಲ್ಲಿ ನಾಲ್ಕು ಸಲ ಕದಡಿ ಬಿಟ್ಟುಬಿಡುತ್ತಾರೆ, ಗಂಟು ಉಳಿದರೂ ಚಿಂತೆಯಿಲ್ಲ. ತಣ್ಣೀರು, ಅರೆಬರೆ ಕಲಸುವಿಕೆ ಎರಡೂ ಅಂಟು ಹುಟ್ಟದಂತೆ ತಡೆಯುವ ಉಪಾಯ. (ಮಂಗಳೂರಿನ ಗೋಳಿಬಜೆ ಇದಕ್ಕೆ ತದ್ವಿರುದ್ಧ: ಮೈದಾಕ್ಕೆ ಮೊಸರು ಹಾಕಿ ಬೇಕೆಂದೇ ಆ ಜಿಗುಟನ್ನು ಬರಿಸುತ್ತೇವೆ.) 170-180 ಡಿಗ್ರಿ ಸೆಲ್ಸಿಯಸ್‌ನ ಎಣ್ಣೆಗೆ ಬಿದ್ದೊಡನೆ ಹಿಟ್ಟಿನ ನೀರು ಆವಿಯಾಗಿ ಸಿಡಿಯುತ್ತದೆ, ಮೇಲೊಂದು ಜಾಳುಜಾಳು ಗರಿಯ ಹೊದಿಕೆ ನಿಲ್ಲುತ್ತದೆ. ಒಳಗಿನ ಸೀಗಡಿಯೋ ಬದನೆಯೋ ತನ್ನ ಹಬೆಯಲ್ಲಿ ತಾನೇ ಬೇಯುತ್ತದೆ.

ಎಡವಟ್ಟು ಇಲ್ಲೇ. ಎಣ್ಣೆಯಿಂದ ಎತ್ತಿದ ಮೇಲೂ ಒಳಗಿನ ಹಬೆ ಹೊರಗೆ ಬರುತ್ತಲೇ ಇರುತ್ತದೆ, ಕೆಲವೇ ನಿಮಿಷಗಳಲ್ಲಿ ಹೊದಿಕೆಯನ್ನು ಮೆತ್ತಗೆ ಮಾಡಿಬಿಡುತ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇಡೀ ಟೆಂಪುರಾ ಹೋಟೆಲ್ ಎಂಬುದು ವಿಳಂಬವನ್ನು ತಗ್ಗಿಸಲು ಕಟ್ಟಿದ ವ್ಯವಸ್ಥೆ. ಒಳ್ಳೆಯ ಅಂಗಡಿಯಲ್ಲಿ ಮೇಜುಗಳಿಗಿಂತ ಕಟ್ಟೆ ಮುಖ್ಯ. ಹತ್ತು ಹನ್ನೆರಡು ಕುರ್ಚಿ, ಎದುರಿಗೆ ಬಾಣಸಿಗ, ಅವನ ಮುಂದೆ ಬಾಣಲೆ. ಒಂದೊಂದೇ ತುಂಡು ಕರಿದು ನಿಮ್ಮೆದುರಿನ ಕಾಗದದ ಮೇಲೆ ಇಡುತ್ತಾನೆ. ಮೊದಲು ಸೀಗಡಿ, ಆಮೇಲೆ ಬಿಳಿ ಮೀನು, ನಡುನಡುವೆ ತಾವರೆ ಗೆಡ್ಡೆ, ಶಿಟಾಕೆ ಅಣಬೆ, ಸಿಹಿಗೆಣಸು. ಇಟ್ಟ ಕ್ಷಣದಲ್ಲೇ ತಿನ್ನುವುದು ಮರ್ಯಾದೆ. ಫೋಟೊ ತೆಗೆಯುತ್ತ, ಮಾತಿನಲ್ಲಿ ಮುಳುಗಿ ಅದನ್ನು ಕಾಯಿಸಿದರೆ ಬಾಣಸಿಗ ಬಾಯಲ್ಲಿ ಏನೂ ಅನ್ನುವುದಿಲ್ಲ, ಮುಖದಲ್ಲಿ ಅನ್ನುತ್ತಾನೆ.

ಎದೋ ಕಾಲದಲ್ಲಿ, ಅಂದರೆ ಇಂದಿನ ಟೋಕಿಯೋ ಎದೋ ಎಂದು ಕರೆಸಿಕೊಳ್ಳುತ್ತಿದ್ದಾಗ, ಇದು ದೊಡ್ಡವರ ಊಟವಾಗಿರಲಿಲ್ಲ. ಬೀದಿಯ ತಳ್ಳುಗಾಡಿಗಳಲ್ಲಿ ಕಡ್ಡಿಗೆ ಚುಚ್ಚಿ ಮಾರುತ್ತಿದ್ದರು. ಮರದ ಮನೆಗಳ ಊರು, 1657ರ ಮಹಾ ಬೆಂಕಿಯಲ್ಲಿ ಬೆಂದುಹೋದ ಊರು. ಮನೆಯೊಳಗೆ ಬಾಣಲೆ ತುಂಬ ಎಣ್ಣೆ ಕಾಯಿಸುವುದೆಂದರೆ ಎಲ್ಲರಿಗೂ ದಿಗಿಲು. (ಬಾಡಿಗೆ ಫ್ಲಾಟಿನಲ್ಲಿ ಹೊಗೆ ಅಲಾರಂ ಕೆಳಗೆ ಟವೆಲ್ ಬೀಸುತ್ತ ಬೋಂಡಾ ಕರಿದವರಿಗೆ ಇದನ್ನು ವಿವರಿಸಬೇಕಿಲ್ಲ.) 1923ರ ಮಹಾ ಭೂಕಂಪದ ನಂತರ ಟೋಕಿಯೋದ ಬಾಣಸಿಗರು ದೇಶದ ತುಂಬ ಚದುರಿ, ಅವರ ಶೈಲಿ ಎಲ್ಲೆಡೆ ಹಬ್ಬಿತು.

ಕಟ್ಟೆಯ ಮುಂದೆ ಕೂತಾಗೆಲ್ಲ ನಮಗೆ ನೆನಪಾಗುವುದು ನಮ್ಮ ಊರಿನ ಅಡುಗೆಮನೆಗಳು. ಬಿಸಿಬಿಸಿಯಾಗಿಯೇ ತಿನ್ನಬೇಕು ಎಂಬ ನಿಯಮ ಅಲ್ಲೂ ಇತ್ತು. ಮಳೆಗಾಲದ ಸಂಜೆ ಹೊರಗೆ ಹರಟುತ್ತಿದ್ದವರ ಕೈಗೆ ಒಲೆಯಿಂದ ನೇರ ಬಜ್ಜಿ ಬರುತ್ತಿತ್ತು, ತಟ್ಟೆ ಖಾಲಿಯಾಗುವ ಮೊದಲೇ ಮತ್ತೆ ನಾಲ್ಕು. ಕರಿಯುತ್ತಿದ್ದ ಅಮ್ಮ ಗೋಡೆಯ ಆಚೆ. ಕೊನೆಯ ಎರಡನ್ನು, ಆರಿ ತಣ್ಣಗಾದವನ್ನು, ಅವಳು ನಿಂತೇ ತಿನ್ನುತ್ತಿದ್ದಳು. ಟೆಂಪುರಾ ಅಂಗಡಿಯಲ್ಲಿ ಆ ಗೋಡೆಯಿಲ್ಲ, ಕರಿಯುವವನನ್ನು ನೋಡುತ್ತ ತಿನ್ನುವುದಕ್ಕೇ ಜನ ದುಡ್ಡು ಕೊಡುತ್ತಾರೆ. ಅಮ್ಮನನ್ನು ಅಲ್ಲಿ ಕೂರಿಸಿ, ಮೊದಲ ತುಂಡು ಅವಳ ಮುಂದೆ ಬೀಳುವುದನ್ನು ನೋಡಬೇಕೆಂಬ ಆಸೆ ನಮ್ಮಲ್ಲಿ ಎಷ್ಟು ಜನಕ್ಕಿದೆಯೋ!

ಆದರೆ ಅಮ್ಮ ಸಸ್ಯಾಹಾರಿಯಾದರೆ? ಮೂರು ಕಡೆ ಎಚ್ಚರ ಬೇಕು. ಹಿಟ್ಟಿನಲ್ಲಿ ಮೊಟ್ಟೆ ಇರಬಹುದು. ಎಣ್ಣೆ ಸೀಗಡಿ ಕರಿದ ಎಣ್ಣೆಯೇ ಇರಬಹುದು. ಇವೆರಡನ್ನೂ ಹೇಗೋ ಊಹಿಸುತ್ತೇವೆ. ಯಾರೂ ಊಹಿಸದ್ದು ಪಕ್ಕದ ಬಟ್ಟಲಿನ ತಿಳಿಸಾರು. ‘ತೆನ್‌ತ್ಸುಯು’ ಎಂಬ ಅದನ್ನು ಸೋಯಾ ಸಾಸ್, ಸಿಹಿ ಅಕ್ಕಿಮದ್ಯ ಮತ್ತು ‘ದಾಶಿ’ ಎಂಬ ಕಷಾಯದಿಂದ ಮಾಡುತ್ತಾರೆ. ದಾಶಿಯ ಜೀವಾಳ ಒಣಗಿಸಿ ಹೆರೆದ ಬೊನಿಟೊ ಮೀನು. ಮೇಲೆ ಮೂಲಂಗಿ ತುರಿ ತೇಲುತ್ತಿರುವುದರಿಂದ ನೋಡಲು ಪರಮ ಸಾತ್ವಿಕ! ಉದೊನ್, ಸೋಬಾ ನೂಡಲ್ಸಿನ ಸಾರಿಗೂ ಇದೇ ಮಾತು.

ಮಾಣಿಯನ್ನು "ವೆಜಿಟೇರಿಯನ್ನಾ?" ಎಂದಷ್ಟೇ ಕೇಳಿದರೆ ಸಾಲದು, ತರಕಾರಿಯದ್ದೇ ಎಂಬ ಅರ್ಥದಲ್ಲಿ ಹೌದೆಂದುಬಿಡುತ್ತಾರೆ. ಅದಕ್ಕಿಂತ ಅಲರ್ಜಿ ಪಟ್ಟಿ ಕೇಳಿ. 2014ರ ಡಿಸೆಂಬರಿನಿಂದ ಈ ದೇಶದ ಹೋಟೆಲುಗಳು 14 ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕು; ಮೊಟ್ಟೆ, ಮೀನು, ಸೀಗಡಿ ಜಾತಿ ಮೂರೂ ಅದರಲ್ಲಿವೆ. ವೆಜಿಟೇಬಲ್ ಟೆಂಪುರಾ ಸಾಲಿನಲ್ಲಿ ಮೀನಿನ ಕೆಳಗೆ ಗುರುತಿದ್ದರೆ ಬಹುತೇಕ ಸಾರಿನದೇ ತಪ್ಪು. ಸಾರು ಬೇಡ, ಉಪ್ಪು ಮತ್ತು ನಿಂಬೆ ಸಾಕು ಎನ್ನಿ. ಇದು ಬಡವರ ಏರ್ಪಾಡಲ್ಲ, ಉಪ್ಪಿನಲ್ಲಿ ಅದ್ದಿ ತಿನ್ನುವುದು ಜಪಾನಿನಲ್ಲೂ ರಸಿಕರ ಪದ್ಧತಿಯೇ. ಮೊಟ್ಟೆಯ ಗುರುತಿದ್ದರೆ ಹಿಟ್ಟಿನಲ್ಲೇ ಇದೆ ಎಂದುಕೊಳ್ಳಿ. ಎಣ್ಣೆ ಬೇರೆಯೇ ಎಂಬುದನ್ನು ಮಾತ್ರ ಬಾಯಿಬಿಟ್ಟು ಕೇಳಲೇಬೇಕು, ಪಟ್ಟಿ ಅದನ್ನು ಯಾವಾಗಲೂ ಹೇಳುವುದಿಲ್ಲ.

ಜಪಾನಿಗರಿಗೂ ಈ ಭೇದ ಹೊಸದಲ್ಲ. ಹಳೆಯ ಎದೋ ಬಳಕೆಯಲ್ಲಿ ಟೆಂಪುರಾ ಎಂದರೆ ಸಮುದ್ರದ್ದು. ಬರಿಯ ತರಕಾರಿ ಕರಿದರೆ ಅದು ‘ಶೋಜಿನ್-ಅಗೆ’. ಶೋಜಿನ್ ಎಂದರೆ ಬೌದ್ಧ ಮಠಗಳ ಸಸ್ಯಾಹಾರ. ಅಲ್ಲಿ ದಾಶಿಯನ್ನೂ ಕೊಂಬು ಎಂಬ ಕಡಲಕಳೆ ಮತ್ತು ಒಣ ಅಣಬೆಯಲ್ಲೇ ಕುದಿಸುತ್ತಾರೆ. ಮೆನುವಿನಲ್ಲಿ ಶೋಜಿನ್ ಎಂಬ ಪದ ಕಂಡರೆ ಅರ್ಧ ಚಿಂತೆ ಬಿಟ್ಟಂತೆ.

ಲಂಡನ್ನಿನಲ್ಲಿ ಬಹುಪಾಲು ಟೆಂಪುರಾ ಸಿಗುವುದು ಸುಶಿ ಅಥವಾ ಉದೊನ್ ಹೋಟೆಲಿನ ಮೆನುವಿನ ಒಂದು ಸಾಲಾಗಿ. ತೊಂದರೆಯಿಲ್ಲ. ಮೇಜಿಗಿಂತ ಒಲೆಯ ಎದುರಿನ ಕುರ್ಚಿ ಕೇಳಿ, ಎಲ್ಲವನ್ನೂ ಒಟ್ಟಿಗೆ ತರಿಸದೆ ಎರಡು ಸರದಿಯಲ್ಲಿ ತರಿಸಿ, ಗಾಜಿನ ಪೆಟ್ಟಿಗೆಯಲ್ಲಿ ಕರಿದಿಟ್ಟದ್ದನ್ನು ಕಂಡರೆ ಹೊಸ ಬಾಣಲೆ ಇಳಿಯುವವರೆಗೆ ಕಾಯಿರಿ. ಕೊನೆಗೆ ‘ಕಾಕಿಅಗೆ’: ಈರುಳ್ಳಿ, ಕ್ಯಾರೆಟ್ ಎಳೆಗಳನ್ನು ಹಿಟ್ಟಿನಲ್ಲಿ ಗೂಡಿನಂತೆ ಕೂಡಿಸಿ ಕರಿದದ್ದು. ಸೀಗಡಿ ಹಾಕಬೇಡಿ ಎಂದು ಹೇಳಿದರೆ ನಮ್ಮ ಈರುಳ್ಳಿ ಪಕೋಡಕ್ಕೆ ಇದಕ್ಕಿಂತ ಹತ್ತಿರದ್ದು ಜಪಾನಿನಲ್ಲಿ ಇನ್ನೊಂದಿಲ್ಲ. ಮಿಕ್ಕಿತೆಂದು ಡಬ್ಬಿಗೆ ಹಾಕಿಸಿಕೊಂಡು ಹೇಸ್‌ಗೆ ಮಾತ್ರ ತರಬೇಡಿ. ರೈಲು ಪ್ಯಾಡಿಂಗ್ಟನ್ ದಾಟುವಷ್ಟರಲ್ಲಿ ಅದು ಒದ್ದೆ ಕಾಗದವಾಗಿರುತ್ತದೆ.