ಅಟ್ಟದ ಮೇಲಿನ ಡಬ್ಬಿಯಲ್ಲಿ ಏನಿದೆ?

ಹೋದ ಬೇಸಿಗೆಯಲ್ಲಿ ಶಿವಪುರದ ನಮ್ಮ ಹಳೆಯ ಕೊಟ್ಟಿಗೆಯ ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಚೀಟಿಯನ್ನು ಇಲಿ ತಿಂದಿತ್ತು. "ತಾಮ್ರದ ಔಷಧಿ ಇರಬೇಕು ಸ್ವಾಮಿ, ಅಡಿಕೆಗೆ ಹೊಡೆಸಿಬಿಡಿ" ಎಂದರು ಒಬ್ಬರು. "ಅಲ್ಲ, ಕಬ್ಬಿನ ಬಿತ್ತನೆ ತುಂಡು ಅದ್ದುತ್ತಿದ್ದ ಪಾದರಸದ ಪುಡಿ" ಎಂದರು ಇನ್ನೊಬ್ಬರು. ನಾವು ಎರಡನ್ನೂ ನಂಬದೆ ಡಬ್ಬಿಯನ್ನು ಹಾಗೆಯೇ ಇಟ್ಟೆವು. ಈ ಎರಡು ಊಹೆಗಳ ನಡುವಿನ ಅಂತರ ಸಣ್ಣದಲ್ಲ.

ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಎಲೆ ತುಕ್ಕಿಗೂ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಅದರಲ್ಲಿ ತಾಮ್ರ ಇಂಗಾಲಕ್ಕೆ ಅಂಟಿಕೊಂಡಿಲ್ಲ. ಕಬ್ಬಿನ ತುಂಡಿಗೆ ಬಳಸುತ್ತಿದ್ದ ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡಿನಲ್ಲಿ ಪಾದರಸ ನೇರವಾಗಿ ಇಂಗಾಲಕ್ಕೇ ಜೋಡಣೆಯಾಗಿದೆ. ಇಂಥವನ್ನು ಸಾವಯವ ಲೋಹ ಸಂಯುಕ್ತಗಳೆನ್ನುತ್ತಾರೆ. ಯಾವ ಲೋಹ ಎಂಬುದಷ್ಟೇ ಅಲ್ಲ, ಅದು ಯಾವ ರೂಪದಲ್ಲಿದೆ ಎಂಬುದರ ಮೇಲೂ ವಿಷದ ತೀವ್ರತೆ ನಿಂತಿದೆ. 1971-72ರಲ್ಲಿ ಇರಾಕಿನಲ್ಲಿ ಮೀಥೈಲ್ ಪಾದರಸ ಲೇಪಿಸಿದ ಬಿತ್ತನೆ ಗೋಧಿಯನ್ನು ರೊಟ್ಟಿ ಮಾಡಿ ತಿಂದು 6,530 ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ 459 ಮಂದಿ ತೀರಿಕೊಂಡರು.

ಸಾಮಾನ್ಯ ರಾಸಾಯನಿಕ ಪರೀಕ್ಷೆ ಪಾದರಸ ಇದೆ ಎಂದಷ್ಟೇ ಹೇಳೀತು. ಅದರ ರೂಪವನ್ನು ತಿಳಿಸಬಲ್ಲ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ದೂರಕ್ಕೆ ಹಾರಿ, ಕಾಳು ಹತ್ತಿರ ಬೀಳುವುದಿಲ್ಲವೇ? ಇಲ್ಲಿಯೂ ಹಾಗೆಯೇ. ವಸ್ತುವನ್ನು ಆವಿ ಮಾಡಿ, ಎಲೆಕ್ಟ್ರಾನುಗಳಿಂದ ಹೊಡೆದು, ವಿದ್ಯುದಂಶವುಳ್ಳ ತುಣುಕುಗಳನ್ನು ಅಯಸ್ಕಾಂತದ ನಡುವೆ ಹಾಯಿಸುತ್ತಾರೆ. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ. ಒಂದೊಂದು ತೂಕಕ್ಕೂ ಒಂದೊಂದು ಗೆರೆ ಮೂಡುತ್ತದೆ.

ಪಾದರಸದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. 196ರಿಂದ 204ರವರೆಗೆ ಏಳು ಬಗೆ. ನೂರರಲ್ಲಿ ಸುಮಾರು 30 ಪಾಲು 202ರವು, 23 ಪಾಲು 200ರವು. ತಾಮ್ರದಲ್ಲಿ ಎರಡೇ ಬಗೆ: 63ರವು 69 ಪಾಲು, 65ರವು 31 ಪಾಲು. ಆದ್ದರಿಂದ ಪಾದರಸವಿರುವ ತುಣುಕು ಎಲ್ಲಿದ್ದರೂ ತನ್ನದೇ ಗೆರೆಗಳ ಸಾಲಿನಿಂದ ಗುರುತು ಸಿಗುತ್ತದೆ. ಆ ಸಾಲಿನ ಎತ್ತರದ ಗೆರೆ 202ರ ಬದಲು 261ರಲ್ಲಿ ಕಂಡರೆ, ಪಾದರಸಕ್ಕೆ 59 ತೂಕದ ಗುಂಪೊಂದು ಅಂಟಿದೆ ಎಂದಾಯಿತು. ಮೀಥಾಕ್ಸಿ ಈಥೈಲ್ ಗುಂಪಿನ ತೂಕ ಸರಿಯಾಗಿ 59.

ಈ ಔಷಧಿಯನ್ನು ಭಾರತ ಸರ್ಕಾರ 2018ರಲ್ಲಿ ನಿಷೇಧಿಸಿದೆ. ಆದರೆ ಅಟ್ಟದ ಮೇಲಿನ ಡಬ್ಬಿಗೆ ಆದೇಶ ತಿಳಿಯದು. ಅಂಥ ಯಂತ್ರ ನಮ್ಮ ಸಂಘದಲ್ಲಿಲ್ಲ. ಕಣ್ಣು ಮೂಗುಗಳು ಅದರ ಕೆಲಸ ಮಾಡಲಾರವು. ಆದಕಾರಣ ಸದಸ್ಯ ಬಂಧುಗಳಲ್ಲಿ ವಿನಂತಿ: ಚೀಟಿಯಿಲ್ಲದ ಡಬ್ಬಿಯನ್ನು ತೆರೆಯಬೇಡಿ, ಗಿಡಕ್ಕೆ ಹೊಡೆಯಬೇಡಿ, ಹೊಲದಲ್ಲಿ ಹೂಳಬೇಡಿ, ನಾಲೆಯಲ್ಲಿ ತೊಳೆಯಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ಕೃಷಿ ಇಲಾಖೆಯವರಿಗೆ ತಿಳಿಸಿ. ನಾವೂ ಹಾಗೆಯೇ ಮಾಡಿದ್ದೇವೆ.

— ಕಾರ್ಯದರ್ಶಿ